ಚಾಕಲೇಟಿನ ಮದುಮಕ್ಕಳು

1958ರಲ್ಲಿ ನಾನು ಶಾಲೆ ಬಿಟ್ಟೆ. ಬಡತನದಿಂದ ಬಿಡಿಸಿದರು ಎಂದು ಹೇಳಿದರೆ ಕೇಳುವವರ ಕಣ್ಣಲ್ಲಿ ನೀರು ಬರುತ್ತದೆ, ಒಂದು ಕಪ್ ಚಹಾ ಕೂಡ ಸಿಗುತ್ತದೆ. ಆದರೆ ನಿಜ ಹೇಳಬೇಕೆಂದರೆ ನಾನೇ ಬಿಟ್ಟೆ. ನಮ್ಮ ನಾರಾಯಣಖೇಡ ಬೀದರದಿಂದ ಕಳಚಿಕೊಂಡು ಆಂಧ್ರದ ಕಡೆ ಸೇರಿ ಆಗ ಎರಡು ವರ್ಷವಾಗಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಶಾಲೆಯಲ್ಲಿ ತೆಲುಗು. ಮಾತು ಮೂರರಲ್ಲೂ ಬರುತ್ತಿತ್ತು, ಲೆಕ್ಕ ಮಾತ್ರ ಯಾವುದರಲ್ಲೂ ಬರುತ್ತಿರಲಿಲ್ಲ. ಚಿತ್ರಕಲೆಯಂತೂ ಕೇಳಲೇಬೇಡಿ. ಮಾವಿನಕಾಯಿ ಬಿಡಿಸಿಕೊಂಡು ಹೋದರೆ ಮಾಸ್ತರರು ಬದನೆಕಾಯಿ ಎಂದು ತಿಳಿದು ಪೂರ್ತಿ ಅಂಕ ಕೊಟ್ಟಿದ್ದರು. ಅಂಥ ನಾನು ಮುಂದೊಂದು ದಿನ ಚಿತ್ರವೊಂದರಿಂದ ಬೀಗರನ್ನು ಗೆದ್ದೆ ಎಂದರೆ ನೀವು ನಂಬಲಾರಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆ ಬಿಟ್ಟವನು ತಾಂಡೂರಿಗೆ ಹೋದೆ. ಅಲ್ಲಿ ನೆಲ ಅಗೆದರೆ ಮಣ್ಣಿಗಿಂತ ಮೊದಲು ಬಂಡೆ ಸಿಗುತ್ತದೆ. ಆ ಬಂಡೆಯನ್ನು ಕೊಯ್ಯುವುದು, ತಿಕ್ಕಿ ಹೊಳಪು ತರುವುದು, ಮನೆಗಳಿಗೆ ಹಾಸುವುದು, ಇಷ್ಟನ್ನೂ ಕಲಿತೆ. ಕಲಿತದ್ದರಲ್ಲೇ ದುಡಿದೆ. ಊರಿಗೆ ಮರಳಿ ಸ್ವಂತ ಅಂಗಡಿ ಹಾಕಿದೆ. ನಾನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಉರುಳುವುದಿಲ್ಲ. ಇದನ್ನು ಜಂಬ ಎನ್ನುವವರು ಗೋಲಿ ತಂದು ನೋಡಬಹುದು.

ಆದರೆ ಜಂಬ ಎನ್ನುವುದು ನೆಲದ ಹಾಗೆ ಸಮನಾಗಿ ನಿಲ್ಲುವುದಿಲ್ಲ, ಸ್ವಲ್ಪ ಇಳಿಜಾರು ಸಿಕ್ಕರೂ ಉರುಳುತ್ತದೆ. ನನ್ನದು ಉರುಳಿದ್ದು ಜಹೀರಾಬಾದಿನಲ್ಲಿ, ದೊಡ್ಡ ಮಗಳು ಜಗದೇವಿಯ ನಿಶ್ಚಯದ ದಿನ.

ನಮ್ಮ ಕಡೆ ಲಗ್ನದಲ್ಲಿ ರುಖವತ ಎಂಬ ಪದ್ಧತಿ ಇದೆ. ಹೆಣ್ಣಿನ ಮನೆಯವರು ತಾವೇ ಮಾಡಿದ ತಿಂಡಿಗಳನ್ನು ತಾಳಿಗೆ ಮೊದಲು ಗಂಡಿನ ಕಡೆಯವರೆದುರು ಅಂದವಾಗಿ ಜೋಡಿಸಿಡಬೇಕು. ಉಂಡೆಯ ಗೋಪುರ, ಶಾವಿಗೆಯ ಜಡೆ, ಕೊಬ್ಬರಿಯಲ್ಲಿ ಕೊರೆದ ತೊಟ್ಟಿಲು. ಗಂಡಿನ ಕಡೆಯ ಹೆಂಗಸರು ಬಂದು ನೋಡಿ, ಮೂಗು ಮುರಿದು, ಚೇಷ್ಟೆ ಮಾಡಿ, ಕೊನೆಗೆ ಎಲ್ಲವನ್ನೂ ಕಟ್ಟಿಕೊಂಡು ಹೋಗುತ್ತಾರೆ. ತಿನ್ನುವ ವಸ್ತುವಿಗೆ ಇಷ್ಟೊಂದು ರೂಪವೇಕೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಗೌರಿ ಹುಣ್ಣಿಮೆಗೆ ಸಕ್ಕರೆಯ ಕುದುರೆ ಮಾಡುತ್ತೇವೆ, ಹೋಳಿ ಹಬ್ಬಕ್ಕೆ ಸಕ್ಕರೆಯ ಸರ ಹಾಕುತ್ತೇವೆ. ಕುದುರೆಯ ಕಿವಿ ಮೊದಲು ತಿನ್ನಬೇಕೋ ಬಾಲ ಮೊದಲೋ ಎಂದು ಮಕ್ಕಳು ಜಗಳವಾಡುವುದನ್ನು ನೋಡಿದ್ದೀರಲ್ಲ? ಬರೀ ಸಕ್ಕರೆಯಾಗಿದ್ದರೆ ಆ ಜಗಳ ಎಲ್ಲಿ ಬರುತ್ತಿತ್ತು? ರೂಪ ಬಂದ ಮೇಲೆ ತಿನ್ನುವವನಿಗೂ ಒಂದು ಕ್ಷಣ ಕೈ ತಡೆಯುತ್ತದೆ. ಆ ಒಂದು ಕ್ಷಣಕ್ಕಾಗಿಯೇ ಹೆಂಗಸರು ವಾರಗಟ್ಟಲೆ ಕಷ್ಟಪಡುತ್ತಾರೆ.

ನಿಶ್ಚಯದ ದಿನ ಹುಡುಗನ ಸೋದರತ್ತೆ, ಆ ಮನೆಯ ಯಜಮಾನಿಕೆ ನಡೆಸುವ ಭಾಗಮ್ಮ, ಎಲೆ ಅಡಿಕೆ ಮಡಿಚುತ್ತ ನನ್ನನ್ನು ಕೇಳಿದಳು: "ನಮ್ಮ ದೊಡ್ಡ ಸೊಸಿ ತೌರಮನಿಯವರು ರುಖವತದಾಗ ಸಕ್ಕರಿ ಚಾರಮಿನಾರ ಇಟ್ಟಿದ್ರು. ನೀವೇನ್ ಇಡ್ತೀರಿ ಬೀಗರೇ, ತಾಂಡೂರ ಕಲ್ಲೇನ್ರಿ?"

ಪಡಸಾಲೆಯೆಲ್ಲ ನಕ್ಕಿತು. ಮಗಳ ಮುಖ ಕೆಳಗಾಯಿತು. ನಾನು ಹಿಂದೆಮುಂದೆ ನೋಡದೆ, "ಈ ಸೀಮ್ಯಾಗ ಇಲ್ಲಿತನಾ ಯಾರೂ ನೋಡಿಲ್ಲ, ಅಂಥಾದ್ ಇಡ್ತೀವ್ರಿ" ಎಂದುಬಿಟ್ಟೆ.

ಬಸ್ಸಿನಿಂದ ನಮ್ಮ ಖೇಡದಲ್ಲಿ ಇಳಿದ ಮೇಲೆ ಹೆಂಡತಿ ಶಾಂತಮ್ಮ ಕೇಳಿದಳು: "ಯಾರೂ ನೋಡಿಲ್ಲ ಅಂದ್ರಲ್ಲ, ನೀವರೆ ನೋಡೀರೇನ್ರಿ?"

ನಾನೂ ನೋಡಿರಲಿಲ್ಲ. ಆದರೆ ಆಡಿದ ಮಾತು ಜಹೀರಾಬಾದಿನಲ್ಲಿ ಉಳಿದಿತ್ತು. ಅದನ್ನು ನಡೆಸದೆ ಹೋದರೆ ನನಗೆ ಒಂದು ದಿನದ ಅವಮಾನ. ಮಗಳು ಮಾತ್ರ ಆ ಮನೆಯಲ್ಲಿ ಭಾಗಮ್ಮನ ಕೈಕೆಳಗೆ ಬಾಳಬೇಕು. ಪ್ರತಿ ಹಬ್ಬಕ್ಕೂ ಒಂದು ಮೂದಲಿಕೆ ಸಿದ್ಧವಾಗಿ ಕಾಯುತ್ತದೆ.

ದಾರಿ ತೋರಿಸಿದವಳು ಜಗದೇವಿಯೇ. ವಾರಪತ್ರಿಕೆಯೊಂದರಲ್ಲಿ ಓದಿದ್ದಳಂತೆ. "ಅಪ್ಪಾ, ಚಾಕಲೇಟ್ ಕರಗಿಸಿ ಚಿತ್ರಾ ತೆಗೀತಾರಂತ. ಆರಿದ ಮ್ಯಾಲ ಎತ್ತಿ ತಿನ್ನೋದಂತ." ನಾನು ಅಲ್ಲಿಯವರೆಗೆ ಚಾಕಲೇಟನ್ನು ತಿಂದದ್ದೇ ಒಂದೆರಡು ಸಲ, ಅದೂ ಕಾಗದ ಸಮೇತ ಕರಗಿದ್ದು. ಶಾಂತಮ್ಮನ ತಮ್ಮ ಮಲ್ಲಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರು. ಹೈದರಾಬಾದಿನಿಂದ ಚಾಕಲೇಟಿನ ಪಟ್ಟಿಗಳನ್ನು ತರಲು ಹೇಳಿದೆ. ತಂದ. ಚೀಲವನ್ನು ಎಂಜಿನ್ ಪಕ್ಕದಲ್ಲಿಟ್ಟು ತಂದಿದ್ದ. "ಮಾಮಾ, ಅರ್ಧಾ ಕೆಲಸ ನಾನೇ ಮಾಡಿ ತಂದೀನಿ ನೋಡ್ರಿ" ಎಂದು ಸೋರುವ ಚೀಲವನ್ನು ಕೈಗಿಟ್ಟ.

ಇನ್ನರ್ಧ ಕೆಲಸ ಶಾಂತಮ್ಮನ ಒಲೆಯ ಮೇಲೆ ಆಗಬೇಕಿತ್ತು. ಬೆಲ್ಲದ ಪಾಕದಲ್ಲಿ ಅವಳಿಗೆ ಸಮನಾದವರು ನಮ್ಮ ಓಣಿಯಲ್ಲಿಲ್ಲ. ಪಾಕ ಹದಕ್ಕೆ ಬಂತೇ ಎಂದು ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ನೋಡುತ್ತಾಳೆ, ಗಟ್ಟಿಯಾದರೆ ಒಂದು ಚಮಚ ನೀರು ಹಾಕಿ ಸಡಿಲಿಸುತ್ತಾಳೆ. ಚಾಕಲೇಟಿಗೂ ಅದೇ ಮರ್ಯಾದೆ ಮಾಡಿದಳು. ಆ ಒಂದು ಚಮಚ ನೀರು ಬಿದ್ದದ್ದೇ ತಡ, ರೇಷ್ಮೆಯಂತೆ ಹರಿಯುತ್ತಿದ್ದ ಚಾಕಲೇಟು ಮುನಿಸಿಕೊಂಡು ಗಂಟುಗಂಟಾಗಿ ಕೂತಿತು. ಇನ್ನಷ್ಟು ಕಾಯಿಸಿದೆವು. ಸೀದು ಹೋಯಿತು. ಮನೆತುಂಬ ಹುರಿದ ಕಡಲೆ ಹೊತ್ತಿದ ವಾಸನೆ.

"ಬೆಲ್ಲ ಆಗಿದ್ರ ಹೇಳಿದಂಗ ಕೇಳ್ತಿತ್ತು" ಎಂದು ಶಾಂತಮ್ಮ ಸೌಟು ಎಸೆದಳು. ಹಳೆಯ ವಿದ್ಯೆ ಹೊಸ ವಸ್ತುವಿನ ಮುಂದೆ ಹೀಗೆಯೇ ಪೆಚ್ಚಾಗುತ್ತದೆ. ನನಗೆ ನಗು ಬಂದರೂ ನಗಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಯಾವಾಗ ನಗಬಾರದು ಎಂಬುದು ಗೊತ್ತಿರುತ್ತದೆ.

ಮಲ್ಲಣ್ಣ ಮತ್ತೆ ಚಾಕಲೇಟು ತಂದ, ಈ ಸಲ ಕಿಟಕಿಯ ಗಾಳಿಗೆ ಹಿಡಿದುಕೊಂಡು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಒಲೆಯಿಂದ ಇಳಿಸಿ, ಅದರ ಮೇಲೆ ಒಣಗಿದ ಬೋಗುಣಿ ಇಟ್ಟು ಹಬೆಯ ಬಿಸಿಯಲ್ಲೇ ಕರಗಿಸಿದೆವು. ಕರಗಿತು. ಆದರೆ ತಟ್ಟೆಯ ಮೇಲೆ ಬರೆದ ಗೆರೆ ನಿಲ್ಲಲೊಲ್ಲದು. ಉಕ್ಕಿನ ತಟ್ಟೆ ಬಿಸಿ ಹಿಡಿದು ಕೂಡುತ್ತಿತ್ತು, ಮೂಗು ಬರೆದರೆ ಮೀಸೆಯಾಗಿ ಹರಿಯುತ್ತಿತ್ತು.

ಆಗ ನನಗೆ ನೆನಪಾದದ್ದು ನನ್ನ ಅನ್ನದಾತ ಕಲ್ಲು. ಮಾಘ ಮಾಸದ ಬೆಳಗಿನಲ್ಲಿ ಹೊಳಪು ಕೊಟ್ಟ ತಾಂಡೂರು ಬಂಡೆಯ ಮೇಲೆ ಬರಿಗಾಲು ಇಟ್ಟು ನೋಡಿ, ತಂಪು ಮೊಣಕಾಲಿನವರೆಗೆ ಏರುತ್ತದೆ. ಅಂಗಡಿಯಿಂದ ಎರಡು ನುಣುಪಾದ ಚೌಕ ಕಲ್ಲು ತಂದೆ. ಕೆಳಗೆ ಒದ್ದೆ ಗೋಣಿಚೀಲ, ಮೇಲೆ ಕಲ್ಲು, ಕಲ್ಲಿನ ಮೇಲೆ ಜಗದೇವಿ ಬರೆದ ಮದುಮಕ್ಕಳ ಚಿತ್ರ, ಅದರ ಮೇಲೆ ತುಪ್ಪ ಸವರಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಮಗಳು ಮೆಹಂದಿ ಹಚ್ಚುವ ಹಾಗೆ ಕೋನಿನಲ್ಲಿ ಚಾಕಲೇಟು ತುಂಬಿ ಕೆಳಗಿನ ಗೆರೆಯ ಮೇಲೆ ಗೆರೆ ಎಳೆದಳು. ಗೆರೆ ಬಿದ್ದ ಜಾಗದಲ್ಲೇ ನಿಂತಿತು! ಹಾಲಿನ ಪುಡಿ, ಪುಡಿ ಸಕ್ಕರೆ, ಕರಗಿದ ವನಸ್ಪತಿ ಕಲಸಿ ಬಿಳಿ ಬಣ್ಣ ಮಾಡಿ ಮುಖ, ಕೈ ತುಂಬಿದೆವು. ಜಿಲೇಬಿಯ ಬಣ್ಣ ಚಿಟಿಕೆ ಹಾಕಿ ಸೀರೆ ತುಂಬಿದೆವು. ಎಲ್ಲದರ ಬೆನ್ನಿಗೆ ದಪ್ಪಗೆ ಚಾಕಲೇಟು ಹೊಯ್ದದ್ದು ನಾನು. ಗಾರೆ ಎಳೆದ ಕೈ, ಎಲ್ಲೂ ಉಬ್ಬುತಗ್ಗು ಬರಲಿಲ್ಲ.

ಲಗ್ನದ ದಿನ ಬೆಳಗ್ಗೆ ಎರಡನೆಯ ಕಲ್ಲನ್ನು ಮೇಲಿಟ್ಟು, ನಾನೂ ಮಲ್ಲಣ್ಣನೂ ಎರಡನ್ನೂ ಒಟ್ಟಿಗೆ ಹಿಡಿದು ಮಗುಚಿ, ಮೇಲೆ ಬಂದ ಕಲ್ಲು ತೆಗೆದು, ಹಾಳೆ ಸುಲಿದೆವು. ಕನ್ನಡಿಯಂತೆ ಹೊಳೆಯುವ ಮುಖ, ಕಣ್ಣಿನ ರೆಪ್ಪೆ ಸಹಿತ. ಎಲ್ಲರೂ ಆಹಾ ಎನ್ನುವಷ್ಟರಲ್ಲಿ ಶಾಂತಮ್ಮ ಚೀರಿದಳು: "ಅಯ್ಯ ಶಿವನೇ, ಹೆಣ್ಣು ಬಲಕ್ಕ ಬಂದಾಳಲ್ರಿ!"

ಮಗುಚಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಮಗಳು ಮದುಮಗಳನ್ನು ಸರಿಯಾಗಿ ಗಂಡನ ಎಡಕ್ಕೇ ಬರೆದಿದ್ದಳು. ಈಗ ಅವಳು ಅವನ ಬಲಕ್ಕೆ ನಿಂತು ನಗುತ್ತಿದ್ದಳು. ಜೀವಮಾನವೆಲ್ಲ ಕಲ್ಲು ಮಗುಚಿದವನು ನಾನು, ನನಗೇ ಹೊಳೆಯಲಿಲ್ಲ. ಮತ್ತೆ ಮಾಡೋಣವೆಂದರೆ ಚಾಕಲೇಟಿಲ್ಲ, ಹೊತ್ತೂ ಇಲ್ಲ. ಬೀಗರ ಬಸ್ಸು ಊರ ಬಾಗಿಲಿಗೆ ಬಂದಿತ್ತು.

ಆದದ್ದಾಗಲಿ ಎಂದು ಕಲ್ಲಿನ ಸಮೇತ ಹೊತ್ತು ಚಪ್ಪರದ ನೆರಳಲ್ಲಿ, ಉಂಡೆಯ ಗೋಪುರದ ಪಕ್ಕದಲ್ಲಿಟ್ಟೆವು. ಭಾಗಮ್ಮ ಹೆಂಗಸರ ದಂಡಿನೊಂದಿಗೆ ಬಂದಳು. ಮೊದಲು ಕಲ್ಲು ಕಂಡಿತು.

"ಖರೇನೇ ಕಲ್ ತಂದಿಟ್ಟಾರಲ್ಲವ್ವಾ! ಹಲ್ ಇದ್ದೋರಿಗೆ ಕಷ್ಟ, ನನಗೇನ್, ಹಲ್ಲೇ ಇಲ್ಲ."

ಆಮೇಲೆ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಬೆರಳು ಮುಂದೆ ಮಾಡಿ ಸೀರೆಯ ಅಂಚು ಮುಟ್ಟಲು ಹೋಗಿ ಹಿಂದಕ್ಕೆಳೆದುಕೊಂಡಳು. ನಾನು ಹೇಳಿದೆನಲ್ಲ, ಆ ಒಂದು ಕ್ಷಣ. ಅದು ಬಂದಿತ್ತು. ಆದರೆ ಭಾಗಮ್ಮ ಸುಮ್ಮನೆ ಸೋಲುವವಳಲ್ಲ. ಕಣ್ಣು ಕಿರಿದು ಮಾಡಿ, "ಎಲ್ಲಾ ಚಲೋ ಆಗ್ಯಾದ ಬೀಗರೇ, ಆದ್ರ ಹೆಣ್ಣು ಗಂಡಿನ ಬಲಕ್ಕ ಯಾಕ್ ನಿಂತಾಳ? ಖೇಡದಾಗ ಹಿಂಗೇನ್ ಪದ್ಧತಿ?" ಎಂದಳು.

ಶಾಂತಮ್ಮ ಸೆರಗು ಸರಿಮಾಡಿಕೊಂಡು, ಆಗಷ್ಟೇ ಹೊಳೆದದ್ದೆಂದು ಎಳ್ಳಷ್ಟೂ ತೋರಿಸದೆ ಹೇಳಿದಳು:

"ತಾಳಿ ಇನ್ನಾ ಆಗಿಲ್ಲಲ್ರಿ ಅಕ್ಕಾ. ಅಲ್ಲಿತನಾ ಹೆಣ್ಣು ಬಲಕ್ಕೇ ಅಲ್ರಿ ಕುಂದ್ರೋದು? ತಾಳಿ ಆದ ಮ್ಯಾಲ ಎಡಕ್ಕ ಕರಕೊಳ್ಳೋದು ನಿಮ್ಮ ಕೆಲಸ. ಅದನ್ನೂ ನಾವೇ ಮಾಡಾಕ ಬರ್ತದೇನ್ರಿ?"

ಮೊದಲು ನಕ್ಕವಳು ಭಾಗಮ್ಮನೇ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಗದೇವಿಯ ಗಲ್ಲ ಮುಟ್ಟಿ ನೆಟಿಗೆ ಮುರಿದಳು. "ಈ ಮನಿ ಹುಡುಗೀಗಿ ಬಾಯಾಗ ಗೆಲ್ಲೋದು ಆಗಂಗಿಲ್ಲವ್ವಾ, ಅವರವ್ವ ಹಿಂಗ ಅದಾಳ. ನಾ ಇವತ್ತೇ ಸೋತೆ ಅನ್ರಿ" ಎಂದು ಚಾಕಲೇಟಿನ ಮದುಮಗನ ಪೇಟದ ತುರಾಯಿ ಮುರಿದು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಯಾವುದಿದೆ? ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದವಳನ್ನು ನೋಡಿ ಜಗದೇವಿ ತಲೆಯೆತ್ತಿ ನಕ್ಕಳು. ಮಗಳು ಆ ಮನೆಯಲ್ಲಿ ಸುಖವಾಗಿರುತ್ತಾಳೆ ಎಂದು ನನಗೆ ಅಕ್ಷತೆ ಬೀಳುವ ಮೊದಲೇ ಗೊತ್ತಾಯಿತು.

ಅಂದಿನಿಂದ ಕಲ್ಹೇರಿನಿಂದ, ತಾಂಡೂರಿನಿಂದ, ಕರಣಕೋಟದಿಂದ ಜನ ಬಂದು ಕೇಳುತ್ತಾರೆ. ನೆಲಕ್ಕೆ ಕಲ್ಲು ಕೇಳಲು ಬಂದವರು ಕೊನೆಗೆ ದನಿ ತಗ್ಗಿಸಿ, "ಅದೂ ಒಂದ್ ಮಾಡಿಕೊಡ್ತೀರೇನ್ರಿ?" ಎನ್ನುತ್ತಾರೆ. ಮಾಘದಲ್ಲಿ ಕೇಳಿದರೆ ಮಾಡಿಕೊಡುತ್ತೇವೆ, ವೈಶಾಖದಲ್ಲಿ ಕೇಳಿದರೆ ಕೈ ಮುಗಿಯುತ್ತೇವೆ. ನಾನು ಹಾಸಿದ ನೆಲಗಳ ಮೇಲೆ ಎಷ್ಟೋ ಸಂಸಾರಗಳು ಓಡಾಡುತ್ತಿವೆ. ಅಲ್ಲಿ ಬಗ್ಗಿ ನೋಡಿದವರನ್ನು ನಾನು ಕಂಡಿಲ್ಲ, ನೋಡಬೇಕೆಂಬ ಆಸೆಯೂ ಇಲ್ಲ. ನೆಲ ಒಳ್ಳೆಯದಿದ್ದರೆ ಯಾರೂ ನೆಲ ನೋಡುವುದಿಲ್ಲ. ಆದರೆ ಮನುಷ್ಯನಿಗೆ ಒಂದು ಸಲವಾದರೂ ಜನ ಬಗ್ಗಿ ನೋಡುವಂಥದ್ದು ಮಾಡಬೇಕು ಅನಿಸುತ್ತದೆ. ಮಾಡಿದ ಮೇಲೆ, ಅವರು ಅದನ್ನು ತಿಂದು ಕೈ ಒರೆಸಿಕೊಂಡು ಹೋದರೂ ಬೇಸರವಾಗುವುದಿಲ್ಲ.

ಈಗ ನನಗೆ ಖೇಡದಲ್ಲಿ ಕಲ್ಲಿನ ಅಂಗಡಿ ಒಂದು, ಹೊಳಪು ಕೊಡುವ ಯಂತ್ರ ಎರಡು, ಸ್ವಂತ ಮನೆ ಒಂದು, ಹೆಂಡತಿ ಒಬ್ಬಳು, ಲಗ್ನವಾದ ಮಗಳು ಒಬ್ಬಳು, ಲಗ್ನಕ್ಕೆ ಬಂದವಳು ಇನ್ನೊಬ್ಬಳು, ಮೊಮ್ಮಗ ಒಬ್ಬ. ಚಾಕಲೇಟಿನ ಚಿತ್ರ ಒಂದೂ ಇಲ್ಲ.