ಬ್ಯಾಡಗಿಯ ಮದುವೆಯಲ್ಲಿ ಓಡು ಹಾಡು

ಮೊಬೈಲಿಗೆ ಹಾಡು ತುಂಬಿಸಿಕೊಳ್ಳಲು ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗುತ್ತಿದ್ದ ದಿನಗಳವು. ರಾಣೆಬೆನ್ನೂರಿನ ಅಂಥ ಒಬ್ಬ ಅಂಗಡಿಯವ ನಮ್ಮ ವಿಜಯಕ್ಕನ ಮೆಮೊರಿ ಕಾರ್ಡಿಗೆ ಭಾವಗೀತೆಗಳ ಜೊತೆ ಕೇಳದ ವಿಡಿಯೊವೊಂದನ್ನೂ ಸೇರಿಸಿಬಿಟ್ಟಿದ್ದ. ಅದರಲ್ಲಿ ಟೋಪಿ ಹಾಕಿದ ನಾಲ್ವರು ಒಂದೇ ಮೈಕಿನ ಸುತ್ತ ನಿಂತು, ನಾಯಿ ಬೆನ್ನು ಹತ್ತಿದವರಂತೆ ಪಿಟೀಲು, ಮ್ಯಾಂಡೊಲಿನ್ ಬಾರಿಸುತ್ತಿದ್ದರು. ಅದು ಬ್ಲೂಗ್ರಾಸ್, ಅಮೆರಿಕದ ಗುಡ್ಡಗಾಡಿನ ಸಂಗೀತ ಎಂದು ತಿಳಿದದ್ದು ಎಷ್ಟೋ ಆಮೇಲೆ. ನಾವು ಅದನ್ನು 'ಓಡು ಹಾಡು' ಎನ್ನುತ್ತಿದ್ದೆವು.

ಟೋಪಿ ಇತ್ತೇ? ಖಚಿತವಾಗಿ ಹೇಳಲಾರೆ. ನೆನಪು ಪ್ರತಿ ಸಲವೂ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು ಧಾರವಾಡದಲ್ಲಿ ಮನಶ್ಶಾಸ್ತ್ರದ ಪರೀಕ್ಷೆ ಬರೆದು ಅಂಕ ಪಡೆದವನು ನಾನು. ಅಂದಿನಿಂದ ನನ್ನ ಬಾಲ್ಯದ ಮೇಲೆ ನನಗೇ ಗುಮಾನಿ. ಆದರೂ ಅಕ್ಕ ಪಿಟೀಲಿನ ಕಮಾನಿಗೆ ತಿಕ್ಕುತ್ತಿದ್ದ ರಾಳದ ವಾಸನೆ ಮಾತ್ರ ಸುಳ್ಳಿರಲಾರದು.

ಪಿಟೀಲು, ಮ್ಯಾಂಡೊಲಿನ್ ಎರಡೂ ನಾಟಕ ಕಂಪನಿಯಲ್ಲಿದ್ದ ಅಜ್ಜನವು. ಅವರು ತೀರಿಕೊಳ್ಳುವ ಮೊದಲು ಅಕ್ಕನಿಗೆ ಎರಡನ್ನೂ ನೆಲದ ಮೇಲೆ ಕೂಡಿಸಿ ಕಲಿಸಿದ್ದರು. ಆ ವಿಡಿಯೊ ನೋಡಿದ ದಿನ ಅಕ್ಕ ಎದ್ದು ನಿಂತಳು, ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡಳು, ಮ್ಯಾಂಡೊಲಿನ್ ನನ್ನ ಕೈಗಿತ್ತಳು. ಓಣಿಯ ಹುಡುಗರು ಲಗೋರಿ ಆಡಲು ಕೂಗಿದರೂ ಬಿಡಲೊಲ್ಲಳು.

"ಲಗೂ ಹೊಡಿಯೋ. ಎಮ್ಮಿ ಕೆರಿಗಿ ಇಳದಂಗ ಬಾರಸ್ತಿ."

"ತಂತಿ ಒತ್ತಿ ಕೈಬಟ್ಟ ಉರಿಯಾಕತ್ತಾವ ಅಕ್ಕಾ."

"ಉರೀಲಿ. ಅಪ್ಪ ನನ್ನ ಕಳಸೋದು ಇದರ ಮ್ಯಾಲ ಐತಿ."

ಹಾವೇರಿಯ ಆರ್ಕೆಸ್ಟ್ರಾ ಒಂದು ಅವಳನ್ನು ಕರೆದಿತ್ತು. ಬೀಜದ ಕಂಪನಿಯ ಗೋದಾಮಿನಲ್ಲಿ ಕೆಲಸಕ್ಕಿದ್ದ ಅಪ್ಪ ಒಂದೇ ಮಾತು ಹೇಳಿದ್ದರು: "ಬ್ಯಾಡಗ್ಯಾಗ ನಮ್ಮಕ್ಕನ ಮಗಳ ಮದುವಿ ಐತಿ. ಅಲ್ಲಿ ಬಾರಿಸು. ಮಂದಿ ಆಡಿಕೊಳ್ಳಲಿಲ್ಲಂದ್ರ ಹಾವೇರಿಗೆ ಹೋಗು. ಆಡಿಕೊಂಡ್ರ ಪಿಟೀಲು ಅಟ್ಟಕ್ಕ ಹೋಗ್ತೈತಿ."

ಮದುವೆಯ ದಿನ ಮೆಣಸಿನಕಾಯಿ ಘಾಟಿಗೆ ಇಡೀ ಮಂಟಪ ಸೀನುತ್ತಿತ್ತು. ಮುಹೂರ್ತಕ್ಕಿಂತ ಮೊದಲು ಬಾರಿಸಲು ನಮಗೆ ಹೇಳಿದ್ದರು. ಅಕ್ಕ ಒಂದು ವಚನವನ್ನು ನಿಧಾನವಾಗಿ ನುಡಿಸಿದಳು. ಜನ ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು, ಯಾರೂ ಕೇಳಲಿಲ್ಲ. ಅವಳು ನನ್ನತ್ತ ನೋಡಿ ಎದ್ದು ನಿಂತಳು. ಓಡು ಹಾಡು ಶುರುವಾಯಿತು.

ನಮ್ಮ ಕಡೆ ತಾಳಿ ಕಟ್ಟುವಾಗ ಬಾಜಾದವರು ಒಮ್ಮೆಲೇ ಜೋರಾಗಿ ಬಾರಿಸುತ್ತಾರೆ. ಹಿಂದೆ ಕೂತವರಿಗೆ ವೇದಿಕೆ ಕಾಣುವುದಿಲ್ಲ, ಆ ಅಬ್ಬರವೇ ಗುರುತು. ಅದು ಕಿವಿಗೆ ಬಿದ್ದರೆ ಅಕ್ಕಿಕಾಳು ಎಸೆಯುವುದು, ಊಟಕ್ಕೆ ಏಳುವುದು. ನಾವು ಅಬ್ಬರಿಸಿದ್ದೆವು. ಹಿಂದಿನ ಸಾಲುಗಳಿಂದ ಅಕ್ಕಿಕಾಳು ಮಳೆಯಂತೆ ಬಿತ್ತು, ಕುರ್ಚಿಗಳು ಸರಿದವು, ಜನ ಊಟದ ಮನೆಗೆ ಓಡಿದರು. ತಾಳಿ ಇನ್ನೂ ತಟ್ಟೆಯಲ್ಲಿ ಹಿರಿಯರ ಕೈ ಮುಟ್ಟಿಸಿಕೊಳ್ಳುತ್ತ ಎರಡನೆಯ ಸಾಲಿನಲ್ಲಿತ್ತು.

ಮದುವೆ ಮಾಡಿಸುತ್ತಿದ್ದ ಅಯ್ಯನೋರು ಮೈಕು ಹಿಡಿದರು. "ನಿಂದರ್ರಿ, ತಾಳಿ ಕಟ್ಟಿಲ್ಲರಿ."

"ಕಟ್ಟಿಲ್ಲಂದ್ರ ಬಾಜಾ ಯಾಕ ಬಾರಿಸಿದ್ರಿ?" ಎಂದಳು ಒಬ್ಬ ಮುದುಕಿ. "ನನ್ನ ಅಕ್ಕಿಕಾಳ ತೀರಿದ್ವು."

ಇನ್ನೊಬ್ಬ ಊಟದ ಮನೆಯಿಂದಲೇ ಕೂಗಿದ: "ಹುಗ್ಗಿ ಹಾಕಿಸ್ಕೊಂಡೇನಿ. ನಂದು ಇಲ್ಲಿಂದನ ಆಶೀರ್ವಾದ."

ಮತ್ತೆ ಅಕ್ಕಿಕಾಳು ಹಂಚಿ ತಾಳಿ ಕಟ್ಟಿಸಿದರು. ನಾನು ತುಪ್ಪ ಸುರಿದುಕೊಂಡು ಹುಗ್ಗಿ ಉಂಡೆ. ಅಕ್ಕ ಏನೂ ಉಣ್ಣಲಿಲ್ಲ. ಇಡೀ ಮಂಟಪವೇ ಎದ್ದಿತ್ತೆಂದು ನನಗೆ ನೆನಪು. ಹಿಂದಿನ ಎರಡು ಸಾಲು ಅಷ್ಟೇ ಎಂದು ಅಕ್ಕ ಈಗಲೂ ವಾದಿಸುತ್ತಾಳೆ.

ತಿರುಗಿ ಬರುವ ಬಸ್ಸಿನ ತುಂಬ ಮದುವೆಯ ಮಂದಿಯೇ. ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಹಲಗೇರಿಯ ಮುದುಕನೊಬ್ಬ ಅಕ್ಕನತ್ತ ಬಾಗಿದ.

"ಎಂಥಾ ಬಾಜಾ ಯವ್ವಾ ಅದು. ಮೊಣಕಾಲ ಎತ್ತಾಕ ಆಗದವ ನಾನು, ಊಟಕ್ಕ ಓಡಿದೆ ನೋಡು."

ಬಸ್ಸೆಲ್ಲ ನಕ್ಕಿತು. ಅಪ್ಪನ ಹೆಗಲು ಅಲುಗುತ್ತಿತ್ತು. ನಗುತ್ತಿದ್ದರು ಎಂದು ನಾನು, ಅಳುತ್ತಿದ್ದರು ಎಂದು ಅಕ್ಕ. ಇದು ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ರಾಣೆಬೆನ್ನೂರಿನಲ್ಲಿ ಇಳಿದಾಗ ಅಕ್ಕನೇ ಕೇಳಿದಳು. "ಮಂದಿ ಆಡಿಕೊಂಡ್ರಲ್ಲ ಯಪ್ಪಾ. ಅಟ್ಟಕ್ಕ ಇಡ್ಲೇನು?"

"ಆಡಿಕೊಂಡ್ರು," ಎಂದರು ಅಪ್ಪ. ಸ್ವಲ್ಪ ದೂರ ನಡೆದ ಮೇಲೆ, "ಹಾವೇರಿಗೆ ಯಾವಾಗ ಹೋಗ್ತಿ?"

ಅವಳು ಹಾವೇರಿಗೆ ಹೋದಳು, ಅಲ್ಲಿಂದ ಪುಣೆಗೆ. ಈಗ ಬ್ಲೂಗ್ರಾಸ್ ಬಾರಿಸುವ ತಂಡವೊಂದರಲ್ಲಿ ಪಿಟೀಲೂ ಅವಳದೇ, ಮ್ಯಾಂಡೊಲಿನ್ನೂ ಅವಳದೇ. ಪ್ರತಿ ಹಾಡಿನ ಹೆಸರು, ಊರು ಬಲ್ಲಳು. ಮೊನ್ನೆ ಹುಬ್ಬಳ್ಳಿಯಲ್ಲಿ ಅವಳ ಕಾರ್ಯಕ್ರಮ ಕೇಳಿದೆ. ಒಂದು ಸ್ವರವೂ ತಪ್ಪಲಿಲ್ಲ. ಜನ ಕಣ್ಣು ಮುಚ್ಚಿ ಕೂತಿದ್ದರು, ಮುಗಿದ ಮೇಲೆ ಚಪ್ಪಾಳೆ ತಟ್ಟಿದರು. ಯಾರೂ ಎದ್ದು ಓಡಲಿಲ್ಲ. ನನಗೆ ಏನೋ ಕಡಿಮೆಯೆನಿಸಿತು.

ಹೊರಗೆ ಚಹಾ ಕುಡಿಯುವಾಗ ಹೇಳಿದೆ: "ಬ್ಯಾಡಗ್ಯಾಗ ಬಾರಿಸಿದಂಗ ಒಮ್ಮಿ ಬಾರಿಸು."

"ಅದು ಪೂರಾ ತಪ್ಪೋ. ಶ್ರುತಿನೂ ತಪ್ಪು, ತಾಳನೂ ತಪ್ಪು."

"ತಪ್ಪ ಬಾರಿಸು."

ಅಕ್ಕ ಲೋಟ ಕೆಳಗಿಟ್ಟಳು.

"ಮಾಡಿ ನೋಡೇನಿ," ಎಂದಳು. "ಆ ತಪ್ಪು ಈಗ ಬರವಲ್ದು."