ಬಾಯ್ಲರ್ ಭಾವ ಗುಡಿಸಿ ಕಳೆದ ದಿನಗಳು

ನನ್ನ ತಂಗಿಯ ಗಂಡ ಪುಕ್ಕಲು ಮನುಷ್ಯ. ಇದನ್ನು ನಿಂದೆಯಾಗಿ ಬರೆಯುತ್ತಿಲ್ಲ, ಸಂಗತಿಯಾಗಿ ಬರೆಯುತ್ತಿದ್ದೇನೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ನಿವೃತ್ತಿಯವರೆಗೆ ಬಾಯ್ಲರ್ ನೋಡಿಕೊಂಡ ಅವರಿಗೆ ಆ ಪುಕ್ಕಲುತನವೇ ಅರ್ಹತೆಯಾಗಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವನೆಂದೇ ಕರೆಯುವುದರಿಂದ, ಗೊಂದಲವಾಗದಿರಲೆಂದು ಮನೆಯವರು ಅವರಿಗೆ ಬಾಯ್ಲರ್ ಭಾವ ಎಂದು ಹೆಸರಿಟ್ಟಿದ್ದಾರೆ.

ಕಾದ ನೀರು ಬಾಯ್ಲರಿನ ತಳದಲ್ಲಿ ಕೆಸರು ಬಿಡುತ್ತದೆ. ಕೆಸರು ಗಟ್ಟಿಯಾದರೆ ತಳ ಸುಡುತ್ತದೆ, ತಳ ಸುಟ್ಟರೆ ಕಟ್ಟಡವೇ ಹಾರುತ್ತದೆ. ಆದ್ದರಿಂದ ಅವರು ವಾರಕ್ಕೊಮ್ಮೆ ತಪ್ಪದೆ ಕವಾಟ ತೆರೆದು ಕೆಸರನ್ನು ಹೊರಬಿಡುತ್ತಿದ್ದರು. ಯಂತ್ರದಲ್ಲಿ ಏನೇ ಅಪಸ್ವರ ಕೇಳಿದರೂ ಅವರು ಮಾಡುತ್ತಿದ್ದ ಮೊದಲ ಕೆಲಸ ಇದೇ. "ಮೊದ್ಲು ಹೊಟ್ಟೆ ತೊಳೀಬೇಕು ಭಾವ, ಆಮೇಲೆ ಡಾಕ್ಟ್ರು" ಎನ್ನುತ್ತಿದ್ದರು. ಅವರ ಕೈಯಲ್ಲಿದ್ದ ಬಾಯ್ಲರ್ ಒಂದು ದಿನವೂ ಕೈಕೊಡಲಿಲ್ಲ. ಅವರ ಕ್ರಮ ಸರಿಯಾಗಿಯೇ ಇತ್ತು. ಕೇಡು ಬಂದದ್ದು ಆ ಕ್ರಮವನ್ನು ಅವರು ಇನ್ನೊಂದು ಯಂತ್ರಕ್ಕೆ ಒಯ್ದಾಗ.

ಆ ಯಂತ್ರ ನನ್ನ ತಂಗಿಯ ದನಿ. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಅವಳಿಗೆ. ಮೊದಲು ಬೆರಳು ಹೋದವು, ಬಳಿಕ ಕಾಲು, ಕುತ್ತಿಗೆ, ಕೊನೆಗೆ ನಾಲಿಗೆ. ಬುದ್ಧಿ, ನೆನಪು, ಗಂಡನನ್ನು ಛೇಡಿಸುವ ಚಟ, ಯಾವುದೂ ಹೋಗಿಲ್ಲ. ಬಲಗೆನ್ನೆಯ ಮೇಲೆ ಗುಂಡಿಯಷ್ಟಗಲದ ಸ್ವಿಚ್ಚೊಂದನ್ನು ಅಂಟಿಸಿದ್ದರು. ಕೆನ್ನೆ ಮಿಸುಕಿದರೆ ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ಆಯ್ಕೆಯಾಗುತ್ತಿತ್ತು, ವಾಕ್ಯ ಮುಗಿದ ಮೇಲೆ ಯಂತ್ರ ಅದನ್ನು ಓದಿ ಹೇಳುತ್ತಿತ್ತು. ಇದಕ್ಕಿಂತಲೂ ಮುಖ್ಯವಾದದ್ದು ಗಂಟೆ. ಕೆನ್ನೆಯಿಂದ ಸ್ವಿಚ್ಚನ್ನು ಎರಡು ಸಲ ಒತ್ತಿ ಹಿಡಿದರೆ ಮನೆಯ ಎಲ್ಲ ಕೋಣೆಗಳಲ್ಲೂ ಗಂಟೆ ಬಾರಿಸುತ್ತಿತ್ತು. ಅವಳ ಗಂಟಲಿನಲ್ಲಿ ಯಾವ ಗಳಿಗೆಯಲ್ಲಾದರೂ ಕಫ ಕಟ್ಟಬಹುದು. ಕಟ್ಟಿದಾಗ ಕೆಮ್ಮುವ ಶಕ್ತಿ ಅವಳಿಗಿಲ್ಲ, ಕೂಗುವ ಶಕ್ತಿಯೂ ಇಲ್ಲ. ಯಾರಾದರೂ ಬಂದು ಸಣ್ಣ ಪಂಪಿನ ನಳಿಕೆಯಿಂದ ಅದನ್ನು ಹೀರಿ ತೆಗೆಯಬೇಕು. ಆ ಗಂಟೆಯೊಂದಿದ್ದ ಕಾರಣಕ್ಕೆ ಬಾಯ್ಲರ್ ಭಾವ ಅಡುಗೆಮನೆಗೆ ಹೋಗಬಹುದಾಗಿತ್ತು, ಸ್ನಾನ ಮಾಡಬಹುದಾಗಿತ್ತು, ನಿದ್ದೆ ಮಾಡಬಹುದಾಗಿತ್ತು.

ಇಂಥ ಯಂತ್ರವನ್ನು ಪುಕ್ಕಲು ಮನುಷ್ಯ ಸುಮ್ಮನೆ ಬಿಡುವುದುಂಟೇ? ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿಯಾದ ಕಡತದ ತುಣುಕುಗಳನ್ನು ಒತ್ತಟ್ಟಿಗೆ ಜೋಡಿಸುವ ತಂತ್ರಾಂಶವೊಂದನ್ನು ಅವರು ಎಲ್ಲಿಂದಲೋ ತಂದು ಹಾಕಿದರು. ವಾರಕ್ಕೊಮ್ಮೆ, ಕವಾಟ ತೆರೆದಂತೆಯೇ, ಅದನ್ನು ಓಡಿಸುತ್ತಿದ್ದರು. ಪರದೆಯ ಮೇಲಿನ ಕೆಂಪು ಚೌಕಗಳು ನೀಲಿಯಾಗುವುದನ್ನು ನೋಡುತ್ತ ಕೂರುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು.

"ಗುಡಿಸಿ ಮುಗೀತಾ? ನನ್ನ ಮಾತೂ ಕಸದ ಜೊತೆ ಹೋಗೀತು" ಎಂದು ತಂಗಿ ಯಂತ್ರದ ದನಿಯಲ್ಲಿ ಕುಟುಕುತ್ತಿದ್ದಳು.

"ಏನೂ ಹೋಗಲ್ಲ ಕಣೇ. ಹೋದ್ರೂ ಹಿಂದಕ್ಕೆ ಹೋಗೋ ದಾರಿ ಇದೆ."

ಆ ದಾರಿಯ ಹೆಸರು ರಿಸ್ಟೋರ್ ಪಾಯಿಂಟ್. ಕಂಪ್ಯೂಟರ್ ಆಗಾಗ ತನ್ನ ವ್ಯವಸ್ಥೆಯ ಅಂದಿನ ಸ್ಥಿತಿಯನ್ನು ಗುರುತು ಹಾಕಿಕೊಳ್ಳುತ್ತದೆ. ಮುಂದೆ ಏನಾದರೂ ಕೆಟ್ಟರೆ ಆ ಗುರುತಿನ ದಿನಕ್ಕೆ ಮರಳಬಹುದು. ಭಾವ ಇದನ್ನು ಬಾಯ್ಲರಿನ ಸುರಕ್ಷಾ ಕವಾಟವೆಂದೇ ತಿಳಿದಿದ್ದರು. ಸುರಕ್ಷಾ ಕವಾಟವನ್ನು ಕೆಸರಿನ ಕವಾಟ ನುಂಗಬಹುದೆಂದು ಯಾವ ಬಾಯ್ಲರಿನವನು ತಾನೇ ಊಹಿಸಿಯಾನು?

ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಯಂತ್ರ ಕುಂಟುತ್ತಿತ್ತು. ಹೊಸ ಅಪ್‌ಡೇಟ್ ಬಂದಿದೆ, ಕಂಪ್ಯೂಟರನ್ನು ಮತ್ತೆ ಆರಂಭಿಸಿ ಎಂಬ ಸೂಚನೆ ಪರದೆಯ ಮೇಲಿತ್ತು. ಭಾವ ತಮ್ಮ ಕ್ರಮ ಬಿಡಲಿಲ್ಲ. ಮೊದಲು ಡಿಸ್ಕನ್ನು ಪೂರ್ತಿ ಜೋಡಿಸಿದರು, ಅನಂತರವೇ ಯಂತ್ರವನ್ನು ಮತ್ತೆ ಆರಂಭಿಸಿದರು. ಪರದೆ ಬೆಳಗಿತು. ತಂಗಿಯ ಕೆನ್ನೆ ಮಿಸುಕಿತು. ಅಕ್ಷರ ಬರಲಿಲ್ಲ.

"ಇನ್ನೊಂದ್ಸಲ ಒತ್ತು" ಎಂದರು ಭಾವ.

ಒತ್ತಿದಳು. ಏನೂ ಆಗಲಿಲ್ಲ. ಅವರು ತಂತಿ ಬಿಚ್ಚಿ ಸಿಕ್ಕಿಸಿದರು, ಸ್ವಿಚ್ಚನ್ನು ಒರೆಸಿ ಅಂಟಿಸಿದರು. ಸ್ವಿಚ್ಚಿನ ಭಾಷೆ ತಿಳಿದಿದ್ದ ಹಳೆಯ ಚಾಲಕ ತಂತ್ರಾಂಶವನ್ನು ಅಪ್‌ಡೇಟ್ ಕಿತ್ತು, ಹೊಸದನ್ನು ಕೂರಿಸಿತ್ತು. ಹೊಸದಕ್ಕೆ ನನ್ನ ತಂಗಿಯ ಪರಿಚಯವೇ ಇರಲಿಲ್ಲ.

"ಹೆದರ್ಬೇಡ, ನಿನ್ನೆಗೆ ಹೋಗೋಣ" ಎನ್ನುತ್ತ ಭಾವ ಪರದೆಯ ಮೇಲೆ ರಿಸ್ಟೋರ್ ಕಿಟಕಿಯನ್ನು ತೆರೆದರು. ಈ ಕಂಪ್ಯೂಟರಿನಲ್ಲಿ ಯಾವ ರಿಸ್ಟೋರ್ ಪಾಯಿಂಟೂ ಇಲ್ಲ ಎಂಬ ಒಂದೇ ಸಾಲು ಅಲ್ಲಿತ್ತು. ಅವರು ಕಿಟಕಿ ಮುಚ್ಚಿ ಮತ್ತೆ ತೆರೆದರು. ನಾನೂ ಕನ್ನಡಕ ಏರಿಸಿಕೊಂಡು ಬಗ್ಗಿ ಓದಿದೆ. ಇಬ್ಬರೂ ಪರದೆಯನ್ನೇ ನೋಡುತ್ತಿದ್ದೆವು.

ಅವಳನ್ನು ಯಾರೂ ನೋಡುತ್ತಿರಲಿಲ್ಲ. ಏಕೆ ತಿರುಗಿದೆನೋ ಗೊತ್ತಿಲ್ಲ, ತಿರುಗಿದಾಗ ಅವಳ ತುಟಿ ನೇರಳೆಯಾಗಿತ್ತು. ಕಣ್ಣು ನಮ್ಮ ಬೆನ್ನುಗಳ ಮೇಲೆ ನೆಟ್ಟಿತ್ತು. ಕೆನ್ನೆ ಎರಡು ಸಲ ಅದುರಿತು, ಮತ್ತೆ ಎರಡು ಸಲ. ಬಾರಿಸದ ಗಂಟೆಯನ್ನು ಎಷ್ಟು ಹೊತ್ತಿನಿಂದ ಬಾರಿಸುತ್ತಿದ್ದಳೋ! ನಾನು ಕೂಗಿದೆ. ಭಾವ ಪಂಪಿನ ನಳಿಕೆ ಹಿಡಿದು ಧಾವಿಸಿದರು. ಉಸಿರು ಮರಳಿ ತುಟಿಗೆ ಬಣ್ಣ ಬಂದ ಮೇಲೂ ಅವರು ನಳಿಕೆಯನ್ನು ಕೆಳಗಿಡಲಿಲ್ಲ.

ಆ ಗಳಿಗೆಯಿಂದ ಒಂದು ಜೊತೆ ಕಣ್ಣು ಸದಾ ಅವಳ ಮುಖದ ಮೇಲಿರಬೇಕಾಯಿತು. ಕುರ್ಚಿಯಲ್ಲಿ ಕುಳಿತವನು ಪತ್ರಿಕೆ ಓದುವಂತಿಲ್ಲ, ತೂಕಡಿಸುವಂತಿಲ್ಲ. ಸೀನುವಾಗ ಕಣ್ಣು ಮುಚ್ಚುತ್ತದಲ್ಲ, ಅದಕ್ಕೂ ಭಾವ ಹೆದರಿದರು.

ಮರುದಿನ ಕಂಪ್ಯೂಟರ್ ರಿಪೇರಿಯ ಹೆಂಗಸು ಬಂದಳು. ಎಲ್ಲವನ್ನೂ ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ ಬಾಯ್ಲರ್ ಸಾಹೇಬ್ರೇ, ಗುಡಿಸಿ ಅಂದ್ರೆ ನೆಲಾನೇ ಎತ್ತಿಬಿಟ್ಟಿದ್ದೀರಲ್ಲ!"

"ನಾನು ಒಂದು ಕಡತಾನೂ ಅಳಿಸಿಲ್ಲಮ್ಮ. ಬರೀ ಜೋಡಿಸಿದ್ದು."

"ಜೋಡಿಸಿದ್ದೇ ಎಡವಟ್ಟಾಗಿದ್ದು."

ಅವಳು ವಿವರಿಸಿದ್ದನ್ನು ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಡಿಸ್ಕಿನ ಒಂದು ಜಾಗದಲ್ಲಿರುವುದು ಬದಲಾಗುವ ಮುನ್ನ ಅದರ ಹಳೆಯ ರೂಪದ ಪ್ರತಿಯನ್ನು ಕಾಯ್ದಿರಿಸಿದ ಮೂಲೆಯೊಂದಕ್ಕೆ ಸೇರಿಸುವುದೇ ರಿಸ್ಟೋರ್ ಪಾಯಿಂಟನ್ನು ಕಾಯುವ ವಿಧಾನ. ತುಣುಕುಗಳನ್ನು ಜೋಡಿಸುವಾಗ ಯಾವ ಕಡತವೂ ಬದಲಾಗುವುದಿಲ್ಲ, ಸ್ಥಳ ಮಾತ್ರ ಬದಲಾಗುತ್ತದೆ. ಆದರೆ ಅವರ ಡಿಸ್ಕಿನಂತೆ ಸಣ್ಣ ಸಣ್ಣ ಖಾನೆಗಳಾಗಿ ವಿಭಾಗವಾದ ಡಿಸ್ಕಿನಲ್ಲಿ ಹೀಗೆ ಕಾಯುವ ತಂತ್ರಾಂಶಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಒಂದೊಂದು ಸ್ಥಳಾಂತರವನ್ನೂ ಬದಲಾವಣೆಯೆಂದೇ ಎಣಿಸಿ ಪ್ರತಿ ತೆಗೆಯುತ್ತ ಹೋಗುತ್ತದೆ. ಮೂಲೆಗೆ ಮಿತಿಯಿದೆ. ಅದು ತುಂಬಿದಾಗ ಅತಿ ಹಳೆಯ ಗುರುತನ್ನು ಎಸೆಯುತ್ತದೆ, ಮತ್ತೆ ತುಂಬಿದರೆ ಮುಂದಿನದನ್ನು. ಅಪ್‌ಡೇಟಿಗೆ ಮುನ್ನ ಯಂತ್ರ ತಾನೇ ಹಾಕಿಕೊಂಡಿದ್ದ ಕೊನೆಯ ಗುರುತೂ ಭಾವನ ಆ ಬೆಳಗಿನ ಜೋಡಣೆಯಲ್ಲಿ ಹೀಗೆಯೇ ಹೋಯಿತು.

ನನ್ನ ಆಕ್ಷೇಪ ಇಷ್ಟೇ. ಪರದೆಯ ಮೇಲೆ "ಆರಂಭಿಸು" ಎಂಬ ಗುಂಡಿಯನ್ನು ಅಷ್ಟು ದೊಡ್ಡದಾಗಿ ಬರೆದವರಿಗೆ, ಇದನ್ನು ಒತ್ತಿದರೆ ನೀವು ಹಿಂದಿರುಗುವ ದಾರಿ ಮುಚ್ಚಬಹುದು ಎಂದು ಒಂದು ಸಾಲು ಬರೆಯಲು ಏನು ದಾಡಿಯಾಗಿತ್ತು? ನೆಲ ಒರೆಸುವವನೂ ಜಾರೀತು ಎಂದು ಹಲಗೆ ಇಡುತ್ತಾನೆ. ಇಲ್ಲಿ ಜಾರಲಿದ್ದದ್ದು ಒಂದು ಜೀವ. ಆದರೂ ಆ ತಂತ್ರಾಂಶ ಕೊನೆಯಲ್ಲಿ ಹಸಿರು ಅಕ್ಷರದಲ್ಲಿ ಅಭಿನಂದನೆ ಹೇಳಿತ್ತು!

ರಿಪೇರಿಯವಳು ಸ್ವಿಚ್ಚಿಗೆ ಹೊಸದಾಗಿ ಪಾಠ ಹೇಳಿಕೊಡಲು ಕುಳಿತಳು. ಆಗ ನಿಜವಾದ ಭಯ ಎದುರಾಯಿತು. ಕೆನ್ನೆಯಿಂದ ಬಲವಾಗಿ ಐದು ಬಾರಿ ಒತ್ತಿ ಎಂದು ಯಂತ್ರ ಕೇಳಿತು. ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಕೇಳಿದಾಗ ತಂಗಿ ಒತ್ತಿದ್ದಳು. ಆಮೇಲೆ ಕೆನ್ನೆ ಸೋಲುತ್ತ ಬಂದಂತೆ ಹಳೆಯ ತಂತ್ರಾಂಶ ದಿನದಿನವೂ ತನ್ನನ್ನು ತಗ್ಗಿಸಿಕೊಂಡು ಅವಳೊಡನೆ ಹೊಂದಿಕೊಂಡಿತ್ತು. ಕೆನ್ನೆ ಎಷ್ಟು ಸೋತಿದೆಯೆಂದು ನಮಗೆ ತಿಳಿದಿರಲೇ ಇಲ್ಲ. ಈಗ ಪರದೆಯ ಮೇಲಿನ ಗೆರೆ ಮೊದಲ ಒತ್ತಿಗೆ ಕೊಂಚ ಎದ್ದಿತು, ಎರಡನೆಯದಕ್ಕೆ ಇನ್ನೂ ಕಡಿಮೆ, ಮೂರನೆಯದಕ್ಕೆ ಚಪ್ಪಟೆಯಾಯಿತು. ಅವಳ ಹಣೆ ಬೆವತಿತ್ತು.

"ಸಾಲ್ತಾ ಇಲ್ಲ" ಎಂದಳು ರಿಪೇರಿಯವಳು, ಮೆಲ್ಲಗೆ.

ಭಾವ ಎದ್ದು ನಿಂತರು. "ಒಂದ್ ನಿಮಿಷ. ಯಂತ್ರ ಬಿಸಿಯಾಗಿರ್ಬೇಕು. ಒಂದ್ಸಲ ಡಿಸ್ಕ್ ಜೋಡಿಸಿ ನೋಡಿದ್ರೆ ಹೇಗೆ?"

ನನ್ನ ತಂಗಿ ಗಂಡನತ್ತ ನೋಡಿದಳು. ಅವಳ ಎಡಹುಬ್ಬು ನಿಧಾನವಾಗಿ, ಧಾರಾಳವಾಗಿ ಮೇಲೇರಿ ಅಲ್ಲೇ ನಿಂತಿತು.

"ಅಕ್ಕಾ, ಹಾಗೇ ಇರಿ!" ಎಂದು ಚೀರಿದ ರಿಪೇರಿಯವಳು ಕೆನ್ನೆಯ ಸ್ವಿಚ್ಚನ್ನು ಕಿತ್ತು ಹುಬ್ಬಿನ ಮೇಲೆ ಒತ್ತಿದಳು. "ಸಾಹೇಬ್ರೇ, ನೀವು ಹಂಗೇ ಏನಾದ್ರೂ ಪೆದ್ದುಪೆದ್ದಾಗಿ ಮಾತಾಡ್ತಾ ಇರಿ, ನಿಲ್ಲಿಸ್ಬೇಡಿ."

"ಏನ್ ಮಾತಾಡ್ಲಿ?"

ಹುಬ್ಬು ಮತ್ತೆ ಏರಿತು. ಗೆರೆಯೂ ಏರಿತು. ಐದಕ್ಕೆ ಐದೂ ದಾಖಲಾದವು.

ಹೊರಡುವ ಮುನ್ನ ಅವಳು ಇಡೀ ವ್ಯವಸ್ಥೆಯ ಪ್ರತಿಯೊಂದನ್ನು ಬೇರೆಯೇ ಡಿಸ್ಕಿಗೆ ತೆಗೆದು, ಅದನ್ನು ಕಳಚಿ ಭಾವನ ಕೈಗಿತ್ತಳು. ಹುಬ್ಬು ಎಷ್ಟು ಕಾಲ ಬಾಳುತ್ತದೆಂದು ಅವರು ಬಾಗಿಲ ಬಳಿ ತಗ್ಗಿದ ದನಿಯಲ್ಲಿ ಕೇಳಿದರು. ಅದು ತನ್ನ ವಿದ್ಯೆಯಲ್ಲವೆಂದು ಅವಳು ತಲೆಯಾಡಿಸಿದಳು.

ಆ ಮಧ್ಯಾಹ್ನ ಭಾವ ಮೊದಲ ಸಲ ಅವಳ ಮುಖದಿಂದ ಕಣ್ಣು ತೆಗೆದು ಸ್ನಾನಕ್ಕೆ ಹೋದರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಗಂಟೆ ಬಾರಿಸಿತು. ನಾನು ಬಾಗಿಲು ಮುಟ್ಟುವಷ್ಟರಲ್ಲಿ ಅವರು ಒದ್ದೆ ಮೈಗೆ ಟವೆಲ್ ಸುತ್ತಿಕೊಂಡು, ಸಾಬೂನಿನ ನೊರೆಯ ತಲೆಯಲ್ಲಿ, ನಳಿಕೆ ಹಿಡಿದು ಮಂಚದ ಬಳಿ ಬಾಗಿದ್ದರು. ತಂಗಿಯ ಉಸಿರು ಸರಾಗವಾಗಿತ್ತು. ಹುಬ್ಬು ಏರಿ ಇಳಿದು ಅಕ್ಷರಗಳನ್ನು ಆರಿಸುತ್ತಿತ್ತು. ನಾವಿಬ್ಬರೂ ಕಾದೆವು.

"ಏನಿಲ್ಲ" ಎಂದಿತು ಯಂತ್ರ. "ಕೇಳ್ಸುತ್ತಾ ಅಂತ ನೋಡ್ದೆ."

ಭಾವ ಮಂಚದ ಅಂಚಿನಲ್ಲಿ ಕುಳಿತರು. ನೊರೆ ಕಣ್ಣಿಗಿಳಿಯುತ್ತಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ.