ಎರಡು ಮನೆಗೆ ಒಂದೇ ರೋಲು

1986ನೆಯ ಇಸವಿ, ಜೂನ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಮುಂಬಯಿಯ ಕುರ್ಲಾದಲ್ಲಿ ನಮ್ಮ ಮನೆ. ಹಾಜರಿದ್ದವರು ನಾನು, ಮೇಲಿನ ಮಹಡಿಯ ಹೋಟೆಲ್ ಮ್ಯಾನೇಜರರ ಹೆಂಡತಿ, ಅವಳ ಹೆಗಲ ಮೇಲೆ ಮೂರು ತಿಂಗಳು ತುಂಬದ ಮಗು. ನನ್ನ ಯಜಮಾನರು ಆಫೀಸಿನ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು.

ಬಾಗಿಲಲ್ಲೇ ನಿಂತು ಅವಳು ಕೇಳಿದಳು. "ಟೀಚರ್, ನಾಮಕರಣದ ಫೋಟೋ ತೊಳೆದು ಬಂತಾ?"

"ಇಲ್ಲಮ್ಮ, ರೋಲು ಇನ್ನೂ ಮುಗಿದಿಲ್ಲವಲ್ಲ" ಎಂದೆ.

ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಉಡುಪಿಯ ಹತ್ತಿರದ ಹಳ್ಳಿಯಲ್ಲಿ ಅವಳ ತಾಯಿ ತೀರಿಕೊಂಡು ವಾರ ಕಳೆದಿತ್ತು. ಮಗುವಿಗೆ ಜ್ವರವಿದ್ದುದರಿಂದ ಆಗ ಹೋಗಲಾಗಲಿಲ್ಲ. ಉತ್ತರಕ್ರಿಯೆಗಾದರೂ ಇರಬೇಕೆಂದು ಗಂಡ ಹೆಂಡತಿ ಇಬ್ಬರೂ ಅಂದು ಸಂಜೆ ನಾಲ್ಕರ ಬಸ್ಸಿಗೆ ಹೊರಟಿದ್ದರು.

"ಅಣ್ಣ ನಿನ್ನೆ ಹೋಟೆಲಿಗೆ ಫೋನ್ ಮಾಡಿದ್ದ. ಮನೆಯಲ್ಲಿ ಅಮ್ಮನದ್ದು ಒಂದು ಫೋಟೋ ಸಹ ಇಲ್ಲ. ಮಾಲೆ ಹಾಕ್ಲಿಕ್ಕೆ ಎಂತ ಇಡುವುದು ಅಂತ ಕೇಳ್ತಾನೆ. ಅಮ್ಮನ ಫೋಟೋ ತೆಗ್ದದ್ದು ನೀವು ಒಬ್ರೇ, ಟೀಚರ್."

ನಿಜ. ಬಾಣಂತನಕ್ಕೆಂದು ಆ ತಾಯಿ ಮುಂಬಯಿಗೆ ಬಂದಿದ್ದರು. ಏಪ್ರಿಲಿನಲ್ಲಿ ನಾಮಕರಣದ ದಿನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ನಾನು ಮೂರು ನಾಲ್ಕು ಫೋಟೋ ತೆಗೆದಿದ್ದೆ. ಮೇ ಮೊದಲ ವಾರ ಅವರು ಊರಿಗೆ ಮರಳಿದರು.

ಇಲ್ಲಿ ಕ್ಯಾಮೆರಾದ ವಿಷಯ ಹೇಳಬೇಕು. ಅದು ಎರಡು ಮನೆಯವರೂ ಸೇರಿ ಕೊಂಡದ್ದು. ಒಂದು ತಿಂಗಳು ನಮ್ಮಲ್ಲಿ, ಮರು ತಿಂಗಳು ಅವರಲ್ಲಿ. ಒಳಗಿನ ಕಪ್ಪುಬಿಳುಪು ರೋಲೂ ಎರಡು ಮನೆಗೂ ಒಂದೇ. ಮೂವತ್ತಾರೂ ಮುಗಿಯುವವರೆಗೆ ತೊಳೆಯಲು ಕೊಡುವಂತಿಲ್ಲ ಎಂದು ಮಾತಾಗಿತ್ತು. ಹೀಗಾಗಿ ಒಂದೇ ರೋಲಿನಲ್ಲಿ ನಮ್ಮ ಶಾಲೆಯ ಕವಾಯತು, ಅವರ ಸತ್ಯನಾರಾಯಣ ಪೂಜೆ, ನಮ್ಮ ನಾದಿನಿಯ ಸೀಮಂತ ಎಲ್ಲ ಸಾಲಾಗಿ ಬರುತ್ತಿದ್ದವು. ಕೈ ಬದಲಾಗುವಾಗ ಎಷ್ಟನೆಯ ನಂಬರಿನಲ್ಲಿದೆ ಎಂದು ಚೀಟಿ ಬರೆದು ಕ್ಯಾಮೆರಾದ ಬೆನ್ನಿಗೆ ಅಂಟಿಸುವುದು ನನ್ನ ಪದ್ಧತಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಬಿಸ್ಕತ್ತಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಪುಟ್ಟ ಚೀಲದೊಂದಿಗೆ ಇಡುತ್ತಿದ್ದೆ. ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ತವೆಯ ಮೇಲೆ ಹುರಿದರಾಯಿತು, ಮತ್ತೆ ನೀಲಿ.

ಡಬ್ಬಿ ತೆರೆದೆ. ಹರಳು ನೀಲಿಯಾಗಿಯೇ ಇದ್ದವು. ಜೂನ್ ಮೊದಲಲ್ಲಿ ಮರಳಿ ಬಂದಾಗ ನೋಡದೆ ಒಳಗಿಟ್ಟಿದ್ದೆ, ಕ್ಯಾಮೆರಾದ ಬೆನ್ನಿನ ಚೀಟಿ ಮಾತ್ರ ಇರಲಿಲ್ಲ. ಎಣಿಕೆಯ ಕಿಟಕಿಯಲ್ಲಿ ಹನ್ನೆರಡು ಎಂದಿತ್ತು.

ಮೇ ಒಂದರಂದು ಹದಿನಾಲ್ಕು ಎಂದು ಚೀಟಿ ಬರೆದು ನಾನೇ ಕೊಟ್ಟಿದ್ದೆ. ತೆಗೆದಂತೆಲ್ಲ ನಂಬರು ಏರಬೇಕು. ಹದಿನಾಲ್ಕು ಇದ್ದದ್ದು ಒಂದು ತಿಂಗಳು ಮೇಲಿನ ಮನೆಯಲ್ಲಿದ್ದು ಹನ್ನೆರಡಾಗಿ ಇಳಿದು ಬರುವುದು ಹೇಗೆ? ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಹನ್ನೆರಡೇ.

"ಬೇರೆ ರೋಲು ಹಾಕಿದ್ದಾರಾ ನಿಮ್ಮ ಮನೆಯವರು?"

"ನಂಗೊತ್ತಿಲ್ಲ. ಅವರು ಮಲಗಿದ್ದಾರೆ. ಎಬ್ಬಿಸ್ತೇನೆ" ಎಂದವಳೇ ಮಗುವನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದಳು.

ಮ್ಯಾನೇಜರರು ಬೈಕುಲ್ಲಾದ ಹೋಟೆಲಿನಿಂದ ಹಿಂದಿನ ರಾತ್ರಿ ತಡವಾಗಿ ಬಂದು ಮಲಗಿದ್ದವರು. ಕಣ್ಣುಜ್ಜುತ್ತ, ಬನಿಯನ್ನಿನಲ್ಲೇ ಹೆಂಡತಿಯ ಹಿಂದೆ ಇಳಿದು ಬಂದರು.

"ಅದೇ ರೋಲು, ಟೀಚರ್. ಬೇರೆ ಹಾಕ್ಲಿಲ್ಲ. ನಡುವೆ ಒಮ್ಮೆ ತೆಗ್ದದ್ದು ಅಷ್ಟೇ. ಧಣಿಯ ಮಗಳ ಮದುವೆ ಇತ್ತಲ್ಲ, ಅವರು ಕಲರ್ ರೋಲು ಕೊಟ್ರು. ನಮ್ಮ ಅರ್ಧ ರೋಲನ್ನು ಬಿಸಾಡ್ಲಿಕ್ಕಾಗ್ತದಾ? ಜಾಗ್ರತೆಯಲ್ಲಿ ಸುತ್ತಿ, ಫಿಲ್ಮಿನ ತುದಿಯ ನಾಲಗೆ ಹೊರಗೆ ಬಿಟ್ಟು, ತೆಗ್ದಿಟ್ಟೆ. ಮದುವೆ ಮುಗ್ದ ಮೇಲೆ ಅದನ್ನೇ ಪುನಃ ಹಾಕಿದ್ದು."

"ಆಮೇಲೆ ಫೋಟೋ ತೆಗೆದ್ರಾ?"

"ಹೋಟೆಲಿಗೆ ಹೊಸ ಅಡುಗೆ ಮನೆ ಆಯ್ತಲ್ಲ, ಅದರ ಪೂಜೆಯದ್ದು ತೆಗ್ದೆ. ಹತ್ತು ಹನ್ನೊಂದು ಇರಬಹುದು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರಿಗಂತೂ ಅರ್ಥವಾಗುವ ಲಕ್ಷಣವೇ ಇರಲಿಲ್ಲ. ಹೊಲಿಗೆಯ ಟೇಪು ತಂದು ಮೇಜಿನ ಮೇಲೆ ಬಿಡಿಸಿದೆ. ಇದು ರೋಲು ಅಂದುಕೊಳ್ಳೋಣ, ಒಂದರಿಂದ ಹದಿಮೂರರವರೆಗೆ ನಾನು ತೆಗೆದದ್ದು, ಈಗ ನೀವು ಸುತ್ತಿ ತೆಗೆದಿರಿ, ಮತ್ತೆ ಹಾಕಿದಿರಿ, ಈಗ ಶುರುವಾಗುವುದು ಯಾವ ತುದಿಯಿಂದ?

"ಮುಂದಿಂದ ಅಲ್ವಾ?" ಎಂದರು ಮ್ಯಾನೇಜರರು.

"ಮುಂದಿಂದ ಅಂದರೆ ಎಲ್ಲಿಂದ?"

"ಬಿಟ್ಟಲ್ಲಿಂದ."

"ಬಿಟ್ಟಲ್ಲಿಂದ ಅಂತ ಕ್ಯಾಮೆರಾಗೆ ಹೇಗೆ ಗೊತ್ತಾಗುತ್ತೆ, ಮ್ಯಾನೇಜರ್ರೇ?"

ಅವರು ಟೇಪನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ನಾನೂ ತಿರುಗಿಸಿದೆ. ಒಮ್ಮೆ ಅವರ ಮಾತೇ ಸರಿಯೆನ್ನಿಸಿತು, ಒಮ್ಮೆ ನನ್ನದು. ಬೆನ್ನು ತೆರೆದಾಗ ಎಣಿಕೆ ಮತ್ತೆ ಒಂದಕ್ಕೆ ಬರುತ್ತದೆ. ಲೆನ್ಸಿಗೆ ಮುಚ್ಚಳ ಹಾಕಿಕೊಂಡು ಹದಿನಾಲ್ಕು ಬರುವವರೆಗೆ ಖಾಲಿ ಒತ್ತಿದ್ದರೆ ಸರಿಹೋಗುತ್ತಿತ್ತು. ಹಾಗೆ ಒತ್ತಿದ್ದೀರಾ ಎಂದು ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು.

ಅವಳಿಗೆ ನಮ್ಮಿಬ್ಬರಿಗಿಂತ ಮೊದಲು ತಿಳಿಯಿತು. "ಅಂದ್ರೆ, ಅಮ್ಮನ ಮೇಲೆಯೇ ತೆಗ್ದದ್ದಾ ನೀವು?"

"ಇಲ್ಲ ಮಾರಾಯ್ತಿ, ಮೇಲೆ ಅಂತ ಅಲ್ಲ..."

"ನಿನ್ನೆಯ ಇಡ್ಲಿಯನ್ನು ಪುಡಿ ಮಾಡಿ ಒಗ್ಗರಣೆ ಕೊಡ್ತೀರಲ್ಲ ಹೋಟೆಲಲ್ಲಿ, ಹಾಗೆ ಮಾಡಿದ್ರಿ ನೀವು ಅಮ್ಮನನ್ನು!"

ಮಗು ನನ್ನ ಭುಜದ ಮೇಲೆ ಹಾಲು ಕಕ್ಕಿತು. ನಾನು ಸೆರಗು ಒರೆಸಿಕೊಳ್ಳುತ್ತ, ಊಹೆಯಿಂದ ಪ್ರಯೋಜನವಿಲ್ಲ, ತೊಳೆಸಿ ನೋಡೋಣ ಎಂದೆ. ಅದಕ್ಕೂ ಮ್ಯಾನೇಜರರಿಗೆ ಜೀವ ಹಿಂಡಿತು. "ಇನ್ನೂ ಇಪ್ಪತ್ತರ ಮೇಲೆ ಫೋಟೋ ಬಾಕಿ ಉಂಟಲ್ಲ, ಟೀಚರ್. ಈಗ ಹತ್ತು ನಿಮಿಷದಲ್ಲಿ ಮಗುವಿನದ್ದು ತೆಗ್ದು ಮುಗಿಸಿದ್ರೆ?" ಹೆಂಡತಿ ಅವರನ್ನು ನೋಡಿದ ನೋಟಕ್ಕೆ ಅವರು ಅಂಗಿ ಹಾಕಿಕೊಂಡು ಬರಲು ಮೇಲೆ ಓಡಿದರು. ನಾನು ರೋಲನ್ನು ಹಿಂದಕ್ಕೆ ಸುತ್ತಿದೆ, ನಾಲಗೆ ಪೂರ್ತಿ ಒಳಗೆ ಹೋದ ಸದ್ದು ಕೇಳುವವರೆಗೆ. ತೆಗೆದಾದ ರೋಲಿನ ನಾಲಗೆ ಹೊರಗಿರಬಾರದು. ಇದ್ದರೆ ಹೊಸ ರೋಲೆಂದು ಯಾರಾದರೂ ಮತ್ತೆ ಹಾಕುತ್ತಾರೆ.

ಸ್ಟೇಷನ್ನಿನ ಹತ್ತಿರದ ಸ್ಟುಡಿಯೋ ಹತ್ತು ಗಂಟೆಗೆ ಬಾಗಿಲು ತೆರೆಯಿತು. ಕಪ್ಪುಬಿಳುಪನ್ನು ಅಲ್ಲೇ ಹಿಂದಿನ ಕತ್ತಲೆ ಕೋಣೆಯಲ್ಲಿ ತೊಳೆಯುತ್ತಿದ್ದರು. ಮಾಲೀಕ ಮರಾಠಿಯವನು, ವಾಚಾಳಿ. ಭಾನುವಾರ ಅರ್ಜೆಂಟ್ ಕೆಲಸ ಮಾಡುವುದಿಲ್ಲ ಎಂದು ಮೊದಲು ರಾಗವೆಳೆದ. ಮ್ಯಾನೇಜರರ ಹೆಂಡತಿ ತನ್ನ ಹಿಂದಿಯಲ್ಲಿ "ಮಾ ಕಾ ಫೋಟೋ ಹೈ, ಭಾಯ್. ಚಾರ್ ಬಜೇ ಬಸ್" ಎಂದಳು. ಅಮ್ಮನ ಫೋಟೋ, ನಾಲ್ಕಕ್ಕೆ ಬಸ್ಸು, ಅಷ್ಟೇ ಅವಳ ಹಿಂದಿ. ಅವನು ರೋಲು ತೆಗೆದುಕೊಂಡು ಒಳಗೆ ಹೋದ.

ನಾವು ಮೂವರೂ ಬೆಂಚಿನ ಮೇಲೆ ಕೂತೆವು. ಹೊರಗೆ ಮಳೆ ಹಿಡಿದಿತ್ತು. ಗಂಡ ಹೆಂಡತಿಯ ನಡುವೆ ನಾನು.

ಹನ್ನೊಂದೂವರೆಗೆ ಅವನು ಒದ್ದೆ ಫಿಲ್ಮನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ. "ಬಾಯೀ, ಏಕ್ ಕೆ ಊಪರ್ ಏಕ್. ಸಬ್ ಡಬಲ್ ಹೋ ಗಯಾ." ಒಂದರ ಮೇಲೊಂದು ಕೂತಿವೆ.

ಟ್ಯೂಬ್‌ಲೈಟಿನ ಎದುರು ಹಿಡಿದು ನೋಡಿದೆವು. ಅಂಥ ಗೊಂದಲವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನೆಗೆಟಿವ್‌ನಲ್ಲಿ ಮೊದಲೇ ಕರಿದು ಬಿಳಿದಾಗಿ, ಬಿಳಿದು ಕರಿದಾಗಿ ಇರುತ್ತದೆ. ಇಲ್ಲಿ ಅದರ ಮೇಲೆ ಇನ್ನೊಂದು. ತೊಟ್ಟಿಲೊಳಗಿಂದ ಕಡಾಯಿ ಎದ್ದಿತ್ತು. ಒಬ್ಬರ ತಲೆಯ ಮೇಲೆ ಇನ್ನೊಬ್ಬರ ಹೊಟ್ಟೆ. ಇದು ಅಮ್ಮನ ಸೀರೆಯ ಅಂಚು ಎಂದು ಅವಳು ತೋರಿಸಿದ್ದನ್ನು ಮ್ಯಾನೇಜರರು ಅದು ಬಾಳೆಲೆ ಎಂದರು. ಇದು ಯಾರ ಮುಖ ಎಂದು ನಾನು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ ಉತ್ತರ ಕೊಟ್ಟರು, ಒಬ್ಬರು ಅಮ್ಮ ಎಂದು, ಒಬ್ಬರು ದೋಸೆ ಹೊಯ್ಯುವವನು ಎಂದು. ಕೊನೆಯಲ್ಲಿ ಒಂದೆರಡು ಚಿತ್ರ ಮಾತ್ರ ಸ್ಪಷ್ಟವಾಗಿದ್ದವು. ಅವು ನಮ್ಮ ಶಾಲೆಯ ಮೈದಾನದಲ್ಲಿ ಹುಡುಗರು ಕೈ ಮೇಲೆತ್ತಿ ನಿಂತಿದ್ದ ಕವಾಯತು.

ಅವಳು ಅಳಲಿಲ್ಲ. "ಅಣ್ಣನಿಗೆ ಎಂತ ಹೇಳುವುದು?" ಎಂದು ಮೂರು ಸಲ ಕೇಳಿದಳು. ಯಾವ ಕೆಲಸಕ್ಕೂ ಮುಂದಿನ ಹೆಜ್ಜೆ ಯಾವುದೆಂದು ನನಗೆ ಸಾಮಾನ್ಯವಾಗಿ ತಿಳಿದಿರುತ್ತದೆ. ಅಂದು ಕೈಯಲ್ಲಿ ಕೊಡೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಮ್ಯಾನೇಜರರು ಫಿಲ್ಮನ್ನು ಬಿಟ್ಟಿರಲಿಲ್ಲ. ಕಣ್ಣಿಗೆ ತೀರ ಹತ್ತಿರ ಹಿಡಿದು ಒಂದೊಂದನ್ನೇ ದಾಟಿಸುತ್ತಿದ್ದವರು ಒಂದು ಕಡೆ ನಿಂತರು. "ಇದರಲ್ಲಿ ನನ್ನ ಫೋಟೋ ಎಲ್ಲಿ?"

"ನಿಮ್ಮ ಫೋಟೋ ಯಾರಿಗೆ ಬೇಕು?" ಎಂದಳು ಹೆಂಡತಿ.

"ಅಲ್ಲ ಮಾರಾಯ್ತಿ, ನಾನು ತೆಗ್ದದ್ದು. ಇದರಲ್ಲಿ ಕಾಣುವುದೇ ಇಲ್ಲ." ತುಸು ಯೋಚಿಸಿ ಹೇಳಿದರು. "ಒಂದು ಸಲ ಫ್ಲ್ಯಾಶ್ ಹೊಡೀಲೇ ಇಲ್ಲ. ಸೆಲ್ ಹೋಗಿತ್ತು. ಬದಲಿಸಿ ಪುನಃ ತೆಗ್ದೆ."

ಸ್ಟುಡಿಯೋದವನು ಅದನ್ನು ಕಸಿದುಕೊಂಡು ನೋಡಿ ತಲೆಯಾಡಿಸಿದ. ಕತ್ತಲಲ್ಲಿ ತೆಗೆದದ್ದು ಕೆಳಗಿನ ಚಿತ್ರವನ್ನು ಕೆಡಿಸುವುದಿಲ್ಲ, ಬೆಳಕಿದ್ದಲ್ಲಿ ಮಾತ್ರ ಮೂಡುತ್ತದೆ ಎಂದ. ಫ್ಲ್ಯಾಶ್ ಕೈಕೊಟ್ಟ ಆ ಒಂದು ಚಿತ್ರದ ಕೆಳಗೆ ನಾಮಕರಣದ ಮನೆ ಹಾಗೇ ಇತ್ತು. ಅದರಲ್ಲಿ ತಾಯಿ ಇದ್ದಾರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕಪ್ಪು ಮುಖ, ಅದಕ್ಕಿಂತ ಕಪ್ಪು ಕೂದಲು. ಮಗಳಿಗೂ ಖಾತ್ರಿಯಿರಲಿಲ್ಲ. ಅವನು ಫಿಲ್ಮನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಮತ್ತೆ ಒಳಗೆ ಹೋದ. ಆ ಹೊತ್ತು ಅವಳು ಮಗುವಿಗೆ ಹಾಲು ಕುಡಿಸುತ್ತ ಕತ್ತಲೆ ಕೋಣೆಯ ಪರದೆಯನ್ನೇ ನೋಡುತ್ತಿದ್ದಳು.

ಪ್ರಿಂಟು ಹೊರಗೆ ಬಂದಾಗ ಒಂದೂವರೆ ದಾಟಿತ್ತು. ತಾಯಿ ಇದ್ದರು. ಬಿಳಿ ಕೂದಲು, ದೊಡ್ಡ ಮೂಗುತಿ, ಯಾರಿಗೋ ಏನೋ ಹೇಳಲು ಹೊರಟಂತೆ ಅರೆ ತೆರೆದ ಬಾಯಿ. ಆದರೆ ಹಿಂದೆ, ಎಡಭುಜದ ಮೇಲೆ, ಒಲೆಯ ಬೆಳಕಿಗೆ ಸಿಕ್ಕಿದ ಒಂದಷ್ಟು ಲೋಟಗಳ ಸಾಲು, ಸೌಟು ಹಿಡಿದ ಒಂದು ಕೈ. ಕೈ ಯಾರದೆಂದು ಮ್ಯಾನೇಜರರಿಗೂ ಹೊಳೆಯಲಿಲ್ಲ. ಅಡುಗೆಯವನದೆಂದರೆ ಅದರಲ್ಲಿ ಬಳೆಯಂಥದೇನೋ ಕಾಣುತ್ತಿತ್ತು. ನಾಮಕರಣಕ್ಕೆ ಬಂದವರದೆಂದರೆ ಸೌಟು ಏಕೆ?

ಪೆನ್ಸಿಲಿನಿಂದ ತಿದ್ದಿ ಅಳಿಸಿಕೊಡುತ್ತೇನೆ, ನಾಳೆ ಬನ್ನಿ ಎಂದ ಸ್ಟುಡಿಯೋದವನು. ನಾಳೆ ಎಂಬುದು ಇರಲಿಲ್ಲ.

"ಇರಲಿ ಬಿಡಿ" ಎಂದಳು ಅವಳು.

"ಊರಲ್ಲಿ ಕೇಳಿದ್ರೆ ನಮ್ಮ ಹೋಟೆಲು ಅಂತ ಹೇಳುವ" ಎಂದರು ಗಂಡ, ಸ್ವಲ್ಪ ಧೈರ್ಯ ಬಂದು.

"ಹೌದು. ಹೋಟೆಲು ನೋಡ್ಬೇಕು ಅಂತ ಒಂದು ತಿಂಗಳು ಹೇಳಿದ್ರು ಅಮ್ಮ. ಪುರುಸೊತ್ತು ಇಲ್ಲ ಅಂದ್ರಿ. ಈಗ ಸತ್ತ ಮೇಲೆ ಕೂರಿಸಿದ್ರಿ ಒಳಗೆ."

ಅವರು ಹೊರಗೆ ಹೋಗಿ ಮಳೆಯಲ್ಲಿ ನಿಂತರು. ಅವಳೇ ಕರೆದಳು, "ಬನ್ನಿ, ಒದ್ದೆ ಆಗ್ಬೇಡಿ, ಬಸ್ಸಲ್ಲಿ ಶೀತ ಆಗ್ತದೆ" ಎಂದು.

ನಾನು ಎರಡು ಪ್ರಿಂಟು ಮಾಡಿಸಿದ್ದೆ. ಮಳೆಗಾಲದ ಬಸ್ಸು, ಒಂದನ್ನೇ ನೆಚ್ಚುವಂತಿಲ್ಲ. ಒಂದನ್ನು ಎರಡು ರಟ್ಟುಗಳ ನಡುವೆ ಪ್ಲಾಸ್ಟಿಕ್ ಸುತ್ತಿ ಅವಳ ಕೈಚೀಲಕ್ಕೆ, ಇನ್ನೊಂದನ್ನು ಹಾಗೆಯೇ ಸುತ್ತಿ ಬಸ್ಸಿನ ಮೇಲೆ ಹೋಗುವ ಟ್ರಂಕಿನ ಬಟ್ಟೆಗಳ ನಡುವೆ. "ಟೀಚರ್, ನೆಗೆಟಿವ್ ಸಹ ಕೊಡಿ, ಎಲ್ಲ ಒಟ್ಟಿಗೇ ಇರಲಿ" ಎಂದರು ಮ್ಯಾನೇಜರರು. ಒಟ್ಟಿಗೇ ಇರಬಾರದು ಎಂದೆ. ಒಂದೇ ಕಡೆ ಇಟ್ಟರೆ ಹೋಗುವಾಗಲೂ ಒಟ್ಟಿಗೇ ಹೋಗುತ್ತವೆ. "ಬದುಕಿದ್ದಾಗ ಅತ್ತೆಗೆ ಬಸ್ಸಲ್ಲಿ ಒಂದು ಸೀಟು ಸಿಗ್ಲಿಕ್ಕೇ ಕಷ್ಟ ಇತ್ತು. ಈಗ ಮೂರು ಕಡೆ" ಎಂದರು. ಈ ಸಲ ಅವಳೂ ಸ್ವಲ್ಪ ನಕ್ಕಳು.

ಬಸ್ಸು ನಾಲ್ಕಕ್ಕೆ ಬದಲು ನಾಲ್ಕೂವರೆಗೆ ಹೊರಟಿತು. ಅವಳು ಕಿಟಕಿಯಿಂದ ಕೈಚೀಲವನ್ನು ಎತ್ತಿ ತೋರಿಸಿದಳು.

ಮನೆಗೆ ಬಂದು ಬಟ್ಟೆ ಬದಲಿಸಿ ಮೇಜಿನ ಮುಂದೆ ಕೂತೆ. ನೆಗೆಟಿವನ್ನು ಅಂಚಿನಲ್ಲಷ್ಟೇ ಹಿಡಿದು ಆರಾರು ಚಿತ್ರಗಳ ಪಟ್ಟಿಯಾಗಿ ಕತ್ತರಿಸಿ, ಒಂದೊಂದನ್ನೂ ಬಟರ್ ಪೇಪರಿನಲ್ಲಿ ಮಡಿಚಿದೆ. ಆ ಚಿತ್ರವಿದ್ದ ಪಟ್ಟಿಯನ್ನು ಮಾತ್ರ ಬೇರೆ ಲಕೋಟೆಗೆ ಹಾಕಿದೆ, ನಮ್ಮ ಮನೆಯಲ್ಲಿಡದೆ ಶಾಲೆಯ ಒಣ ಕಪಾಟಿನಲ್ಲಿಡಲು. ಪ್ರತಿ ಲಕೋಟೆಯ ಮೇಲೂ ಸಂದರ್ಭ, ಸ್ಥಳ ಬರೆಯುವುದು ರೂಢಿ. ಪೆನ್ನು ತೆಗೆದೆ. ನಾಮಕರಣವೋ, ಅಡುಗೆ ಮನೆಯ ಪೂಜೆಯೋ? ಕುರ್ಲಾವೋ, ಬೈಕುಲ್ಲಾವೋ? ಎರಡನ್ನೂ ಬರೆದರೆ ನೋಡಿದವರಿಗೆ ಏನೂ ತಿಳಿಯದು, ಒಂದನ್ನೇ ಬರೆದರೆ ಸುಳ್ಳು. ಕೊನೆಗೆ "ಮೇಲಿನ ಮನೆಯಾಕೆಯ ತಾಯಿ" ಎಂದಷ್ಟೇ ಬರೆದು, ಶಾಯಿ ಆರಿದ ಮೇಲೆ ಲಕೋಟೆಯನ್ನು ಶಾಲೆಯ ಚೀಲದಲ್ಲಿಟ್ಟೆ.